ಒಂದು ಹಲ್ಲು ಮುಂದೆ

ಕಾರು ಬಂದದ್ದು ಫೆಬ್ರವರಿಯಲ್ಲಿ,
ಕುದುರೆ ಸಾಗಿಸುವ ಗಾಡಿಯೊಳಗೆ, ಮೈತುಂಬ ಹುಲ್ಲಿನ ಧೂಳು.
ಕೊಂಡವರು ವೆರ್ವಿಯೇ ಊರಿನ ಹಲ್ಲಿನ ಡಾಕ್ಟರು.
‘ಓಡದಿದ್ದರೂ ಚಿಂತೆಯಿಲ್ಲ, ಮದಾಂ ಫ್ರೆಪಾಂ,
ಹೊಳೆದರೆ ಸಾಕು’ ಅಂದರು.
ಹೊಳೆಯುವುದು ಚಮಚದ ಕೆಲಸ, ಅಂದೆ.
ಮನಸ್ಸಿನಲ್ಲಿ.

ಲಿಯೇಜಿನಲ್ಲಿ ಮ್ಯೂಸ್ ನದಿಯ ಈ ದಂಡೆಯ ಮೇಲೆ
ಉಕ್ಕಿನ ಕುಲುಮೆಗಳೆಲ್ಲ ಆರಿಹೋದ ಮೇಲೂ
ನನ್ನದೊಂದು ಶೆಡ್ಡು, ಒಂದು ಲೇಥು,
ಕೈಕೆಳಗೆ ಹುಡುಗ ಸೆರ್ವೇ: ಹತ್ತೊಂಬತ್ತು,
ಮಾತು ಕಡಿಮೆ, ಬೆರಳು ಚುರುಕು.
ಬಾನೆಟ್ ಎತ್ತಿ ಬಹಳ ಹೊತ್ತು ನೋಡಿ ಕೇಳಿದ:
‘ಇದಕ್ಕೆ ತಲೆಯೇ ಇಲ್ಲವಲ್ಲ?’

ತಲೆ ಬೇಡದ ಎಂಜಿನ್ ಕಣೋ ಇದು,
ಇಪ್ಪತ್ತಾರನೇ ಇಸವಿಯ ಹುಚ್ಚು.
ಒಂದೇ ಕೊಳವೆಯಲ್ಲಿ ಎರಡು ಪಿಸ್ಟನ್,
ಮೇಲಿಂದೊಂದು, ಕೆಳಗಿಂದೊಂದು,
ಚಪ್ಪಾಳೆಗೆ ಹೊರಟ ಕೈಗಳ ಹಾಗೆ ಧಾವಿಸಿ
ಇನ್ನೇನು ತಾಗಬೇಕು ಅನ್ನುವಾಗ
ಹುರುಳಿಕಾಳಿನಷ್ಟು ಜಾಗ ಬಿಟ್ಟು ನಿಂತು
ನಡುವೆ ಬೆಂಕಿ.
ನಿಮಿಷಕ್ಕೆ ನಾಲ್ಕು ಸಾವಿರ ಸಲ
ಕೈಕುಲುಕದ ಭೇಟಿ.

ಗೆದ್ದ ಕಾರಲ್ಲ. ಆರ್ಡೆನ್ ಬೆಟ್ಟದ ಏರುದಾರಿಯಲ್ಲಿ ಒಮ್ಮೆ ಮೂರನೆಯದು,
ಅದೂ ಮುಂದಿದ್ದವನೊಬ್ಬ ಮಂಜಿನಲ್ಲಿ ದಾರಿ ತಪ್ಪಿದ್ದಕ್ಕೆ.
ಐವತ್ಮೂರರಲ್ಲಿ ಯಾರೋ ಬಿಚ್ಚಿ ಜೋಡಿಸಿದರಂತೆ.
ಅಲ್ಲಿಂದೀಚೆಗೆ ಬರೀ ಕೆಮ್ಮು.
ಹುಟ್ಟೇ ಸರಿಯಿಲ್ಲ ಅಂದರು ಬಲ್ಲವರು.

ಪಿಸ್ಟನ್ ಹೊಸದಾಗಿ ಎರಕ ಹೊಯ್ದೆವು, ಆರೂ.
ಉಂಗುರ ತಿಕ್ಕಿದೆವು, ಬುಷ್ ಕೊರೆದೆವು,
ಜುಲೈ ಬಂತು. ಕೀಲಿ ತಿರುಗಿಸಿದರೆ
ನೀಲಿ ಹೊಗೆ, ಎರಡು ಸೀನು, ಮೌನ.
ಹೊಗೆ ಬಿಡುವ ಬದಿಯ ಪಿಸ್ಟನ್ನುಗಳು ಮಾತ್ರ
ಸೀದ ರೊಟ್ಟಿಯ ಬಣ್ಣ.

ಮತ್ತೆ ಬಿಚ್ಚಿದೆವು. ಗಿಯರಿನ ಮುಚ್ಚಳದ ಒಳಮೈಯಲ್ಲಿ
ಮೊಳೆಯ ತುದಿಯಿಂದ ಗೀಚಿದ ದುಂಡಕ್ಷರ:
‘ಸರಿಪಡಿಸಿದೆ. ಜೆ. ಎನ್ನುಯಿ, ಮೇ 1953.’

ಸೀಮೆಎಣ್ಣೆಯಲ್ಲಿ ಗಾಲಿ ತೊಳೆಯುತ್ತಿದ್ದ ಸೆರ್ವೇ
ಉಗುರು ನಿಲ್ಲಿಸಿದ.
‘ಈ ಹಲ್ಲಿಗೊಂದು ಚುಕ್ಕೆಯಿದೆ, ಮದಾಂ.
ಆ ಗಾಲಿಯ ಹಲ್ಲಿಗೂ ಒಂದು.
ಜೋಡಿಸಿದ್ದಾಗ ಇವು ಎದುರುಬದುರು ಇರಲಿಲ್ಲ.’

ನಲವತ್ತೈದು ಹಲ್ಲು. ಒಂದು ಹಲ್ಲೆಂದರೆ ಎಂಟು ಡಿಗ್ರಿ.
ಹೊಗೆಯ ಬದಿಯದು ಅಷ್ಟು ಮುಂದೆ ನಡೆಯಬೇಕು,
ಮೊದಲು ಬಾಗಿಲು ತೆರೆಯಬೇಕು:
ಹಳೆಯದು ಹೊರಟರೆ ತಾನೇ ಹೊಸ ಗಾಳಿಗೆ ಜಾಗ?
ಎನ್ನುಯಿ ಅಚ್ಚುಕಟ್ಟಿನ ಮನುಷ್ಯನಿರಬೇಕು.
ಎರಡು ಪಿಸ್ಟನ್ ಸಮ ನಿಂತಿಲ್ಲವೆಂದು ಕಂಡು,
ಚುಕ್ಕೆಯನ್ನು ತುಕ್ಕಿನ ಗುಳಿಯೆಂದುಕೊಂಡು,
ಯಾವನೋ ದಡ್ಡನ ಕೆಲಸವೆಂದು ಗೊಣಗಿ
ಸಮ ಮಾಡಿ, ಕೈ ಒರೆಸಿಕೊಂಡು, ಹೆಸರು ಬರೆದ.

ನಗಲಿಲ್ಲ ನಾನು.
ಹೋದ ವರ್ಷ ಒಂದು ಬಗ್ಗಿದ ಪೆಡಲನ್ನು
ಕಾಯಿಸಿ ನೆಟ್ಟಗೆ ಮಾಡಿ ಕಳಿಸಿದ್ದೆ.
ಆಮೇಲೆ ತಿಳಿಯಿತು, ಆ ಕಾರಿನ ಮೊದಲ ಚಾಲಕನಿಗೆ
ಬಲಮೊಣಕಾಲು ಮಡಚುತ್ತಿರಲಿಲ್ಲ.

ಒಂದು ಹಲ್ಲು ಸರಿಸಿದೆವು. ಕಾಲು ಗಂಟೆಯ ಕೆಲಸ.
ಸೆರ್ವೇ ಮುಚ್ಚಳಕ್ಕೆ ಮರಳುಕಾಗದ ಹಿಡಿದಾಗ
ಮಣಿಕಟ್ಟು ಹಿಡಿದೆ. ಇರಲಿ ಬಿಡು.
‘ಸುಳ್ಳಲ್ಲವಾ?’
ಸುಳ್ಳೇ. ಇರಲಿ.
ಬೋಲ್ಟು ಹನ್ನೊಂದು. ಸಿಕ್ಕದ್ದು ಹತ್ತು.
ಹನ್ನೊಂದನೆಯದು ಸಂಜೆ ಅವನ ಷೂಸಿನಲ್ಲಿತ್ತು.

ಭಾನುವಾರ ಹರಳೆಣ್ಣೆ ಹೊಯ್ದು ಕೀಲಿ ತಿರುಗಿಸಿದೆ.
ಗರ್ಜನೆಯೇನಲ್ಲ;
ಹೊಲಿಗೆ ಯಂತ್ರಕ್ಕೆ ಸಿಟ್ಟು ಬಂದರೆ ಹೀಗಿರಬಹುದು.
ಎದುರುಮನೆಯ ಕಿಟಕಿಗಳು ಪಟಪಟ ಮುಚ್ಚಿದವು,
ಬಾಲ್ಯದ ಭೇದಿಯೌಷಧದ ವಾಸನೆ
ನದಿ ದಾಟಿ ಹೋಯಿತು.

ಡಾಕ್ಟರ ಫೋನು. ‘ಹೊಳೆಯುತ್ತಿದೆಯಾ?’
ಎಣ್ಣೆ ಕಾರುತ್ತಿದೆ, ಅಂದೆ, ಈ ಸಲ ಬಾಯಿಬಿಟ್ಟೇ.
ಬರುವಾಗ ಹಳೇ ಬಟ್ಟೆ ತನ್ನಿ.